ಕರೆದ್ರೆ ಬರಾಕಿಲ್ಲ

ನವೆಂಬರ್ 30, ಭಾನುವಾರ. ಬೆಳಿಗ್ಗೆ, ದೋಸೆ ಇನ್ನೂ ಅರ್ಧದಲ್ಲಿ

ಆ ಧ್ವನಿ ನನ್ನ ಅತ್ತೆಯದು!! ಬರೆದುಬಿಟ್ಟೆ. ಈಗ ಉಸಿರಾಡಬಹುದು.

‘ಕರೆದ್ರೆ ಬರಾಕಿಲ್ಲ’ ಹಾಡು ಶುರುವಾಗುವ ಮೊದಲು ಚಟಪಟ ಚಟಪಟ ಅಂತ ಏನೋ ಸದ್ದು ಬರುತ್ತದಲ್ಲ… ಅದರ ಮೇಲೆ ಒಬ್ಬ ಹುಡುಗಿ ಯಾರನ್ನೋ ಗದರಿಸುತ್ತಾಳೆ: “ತಡಿಲಾ, ಇನ್ನೂ ಕಾದಿಲ್ಲ!” ಆಮೇಲೆ ತಮಟೆ. ಆಮೇಲೆ ಆ ಗರಗರ ಗಿಟಾರ್. ಆಮೇಲೆ ವನಜಾ ಅವರ ಕಂಠ. ನಮ್ಮ ಅಪ್ಪಂದಿರ ಕಾಲದ ಕ್ಯಾಸೆಟ್ ಹಾಡು. ಆದರೂ ಮೈಸೂರಿನಲ್ಲಿ ಫಿಸಿಯೋಥೆರಪಿ ಓದುವಾಗ ಹಾಸ್ಟೆಲ್‌ನಲ್ಲಿ ಇದಿಲ್ಲದೆ ಒಂದು ಬರ್ತ್‌ಡೇ ಆಗಿಲ್ಲ. ಕಾಲೇಜ್ ಫೆಸ್ಟ್‌ನಲ್ಲಿ ಬ್ಯಾಂಡ್‌ನವರು ಕೊನೆಗೆ ಇದನ್ನೇ ನುಡಿಸಬೇಕು, ಇಲ್ಲದಿದ್ದರೆ ಯಾರೂ ಜಾಗ ಬಿಡುತ್ತಿರಲಿಲ್ಲ. ನನ್ನ ರಿಸೆಪ್ಷನ್‌ನಲ್ಲೂ ಡಿಜೆ ಹಾಕಿದ. ರೇಷ್ಮೆ ಸೀರೆ ಎತ್ತಿಕಟ್ಟಿ ಕುಣಿದೆ. ಅತ್ತೆ ಮುಂದಿನ ಸಾಲಿನಲ್ಲಿ ಕಲ್ಲಿನ ಹಾಗೆ ಕೂತಿದ್ದರು. ಸೊಸೆ ಕುಣಿದದ್ದು ಸರಿಬರಲಿಲ್ಲ ಅಂದುಕೊಂಡು ಇಷ್ಟು ದಿನ ಹೆದರಿಕೊಂಡೇ ಇದ್ದೆ.

ಇವತ್ತು ಹೆಂಚಿಗೆ ಹಿಟ್ಟು ಹಾಕಲು ಹೋದೆ. ಹಿಂದಿನಿಂದ ಅತ್ತೆ: “ತಡಿ ಕಣಮ್ಮ, ಇನ್ನೂ ಕಾದಿಲ್ಲ!”

ಸೌಟು ಕೈಯಿಂದ ಬಿತ್ತು. ಅದೇ ‘ತಡಿ’. ಅದೇ ‘ಕಾದಿಲ್ಲ’ದ ಮೇಲಿನ ಒತ್ತು. ಈ ಎರಡು ಸೆಕೆಂಡನ್ನು ಸಾವಿರ ಸಲ ಕೇಳಿದ್ದೇನೆ, ನನಗೆ ತಪ್ಪುವುದಿಲ್ಲ.

ಹೇಳಿದೆ. ಅತ್ತೆ ಸೌಟು ಎತ್ತಿ ತೊಳೆದು ನನ್ನ ಕೈಗಿಟ್ಟರು.

“ಊಂ. ನಾನೇ. ಏನೀಗ? ಈಗ ಕಾದದೆ, ಉಯ್ಯಿ.”

ದೋಸೆ ಹೇಗೆ ಉಯ್ಯಲಿ, ಹೇಳಿ!

ಡಿಸೆಂಬರ್ 1, ಸೋಮವಾರ

ರವಿ ನಂಬುತ್ತಿಲ್ಲ. “ನಮ್ಮಮ್ಮನಾ? ನಮ್ಮಮ್ಮ ಪೋಲಿಯೊ ಡ್ರಾಪ್ಸ್ ಹಾಕೋರು ಕಣೇ,” ಅಂದ. ಮದ್ದೂರಿನ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವನು, ಎಲ್ಲಕ್ಕೂ ಪ್ರೂಫ್ ಬೇಕು. ನನ್ನ ಮುದ್ದು ಗಂಡ. ಇಪ್ಪತ್ತೊಂಬತ್ತು ವರ್ಷ ಆ ಧ್ವನಿಯ ಬೈಗುಳ ತಿಂದು ಬೆಳೆದು ಗುರುತು ಹಿಡಿಯಲಿಲ್ಲ!

ಅತ್ತೆ ಬೆಳಕವಾಡಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಆಗಿದ್ದವರು. ಈ ವರ್ಷ ರಿಟೈರ್ ಆದರು. ಸುತ್ತಮುತ್ತ ಅರ್ಧ ತಾಲ್ಲೂಕಿನ ಮಕ್ಕಳಿಗೆ ಸೂಜಿ ಚುಚ್ಚಿದ್ದಾರೆ. ಅವರು ರಾಕ್ ಬ್ಯಾಂಡ್‌ನಲ್ಲಿ! ಬರೀ ಗದರಿಸಿದ್ದಲ್ಲ. ಆ ತಮಟೆ. ತಮಟೆಯೂ ಅವರದೇ!!

ಮಾವನಿಗೆ ಗೊತ್ತಿತ್ತು. ಮಾವ ಪ್ರೈವೇಟ್ ಬಸ್ ಕಂಡಕ್ಟರ್ ಆಗಿದ್ದವರು, ಮಾತು ಮುಗಿದರೆ ಈಗಲೂ “ರೈಟ್!” ಅನ್ನುತ್ತಾರೆ. “ಮದ್ವೆಗೆ ಮುಂಚೆ ನಮ್ ಬಸ್ಸಲ್ಲಿ ಆ ಕ್ಯಾಸೆಟ್ಟು ಸವೆಯೋಗಂಟ ಆಕ್ಸಿವ್ನಿ. ಇವ್ಳೇ ಬಡ್ದಿರದು ಅಂತ ಮದ್ವೆ ಆದ್ಮೇಲ್ ಗೊತ್ತಾಯ್ತು. ಎದ್ರೋಗ್ಬುಟ್ಟೆ. ರೈಟ್!”

ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತೆ?

“ಕ್ಯಾಸೆಟ್ ಕವರ್ ಮ್ಯಾಲೆ ಬರ್ದಿರ್ಲಿಲ್ವಾ? ಗಾಯನ ವನಜಾ. ಗಿಟಾರು ಜಯಪ್ರಕಾಶ್. ತಾಳ, ಜಾನಪದ. ನನ್ನೆಸ್ರು ಜಾನಪದ ಅಂತ ಇಟ್ಟವ್ರೆ ಕಣಮ್ಮ. ಕರ್ದು ನೋಡು, ಓ ಅಂತೀನಿ.”

ನಕ್ಕೆ. ಆಮೇಲೆ ನಗು ಬರಲಿಲ್ಲ.

ಡಿಸೆಂಬರ್ 4, ಗುರುವಾರ. ಸಂಜೆ

ಪೂರಿಗಾಲಿಗೆ ಹೋಗಿದ್ದೆವು, ಅತ್ತೆಯ ತವರಿಗೆ. ಅವರ ಅಣ್ಣ ಮರಿಯಯ್ಯನವರ ಮನೆ. ಹಜಾರದಲ್ಲಿ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ, ಅವುಗಳ ಕೆಳಗೆ ಮೊಳೆಗೆ ನೇತುಹಾಕಿದ ತಮಟೆ. ಚರ್ಮ ಬಿರಿದಿದೆ. ಸುತ್ತಲಿನ ಕಬ್ಬಿಣದ ಬಳೆ ಮಾತ್ರ ಹೊಳೆಯುತ್ತದೆ, ವಾರಕ್ಕೊಮ್ಮೆ ಒರೆಸುತ್ತಾರಂತೆ.

ಅದು ಅತ್ತೆಯ ಅಪ್ಪ ಅಂಕಯ್ಯನವರದು. ಆ ಕಾಲದಲ್ಲಿ ಊರಿನವರು ಕರೆದಾಗ ಹೋಗಿ ಬಡಿಯಬೇಕು. ಸಾವಿಗೆ, ಹಬ್ಬಕ್ಕೆ, ಸಾರುವುದಕ್ಕೆ. ಉಣ್ಣುತ್ತಿದ್ದರೆ ತಟ್ಟೆ ಬಿಟ್ಟು ಏಳಬೇಕು. ಅಂಕಯ್ಯನವರ ತಾಯಿ ತೀರಿಕೊಂಡ ದಿನ, ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಊರಿನಿಂದ ಆಳು ಬಂದ. ದೊಡ್ಡವರ ಮನೆಯಲ್ಲಿ ಯಾರೋ ಸತ್ತಿದ್ದಾರೆ, ಯಜಮಾನರು ಕರೆಯುತ್ತಿದ್ದಾರೆ, ಬಾ ಅಂತ.

“ನಮ್ಮಪ್ಪ ಎದ್ದು ನಿಂತ್ಕತು,” ಅಂದರು ಮರಿಯಯ್ಯನವರು. “ಓಯ್ತದೆ ಅಂದ್ಕಂಡೋ. ‘ಇನ್ಮ್ಯಾಕೆ ಕರೆದ್ರೆ ಬರಾಕಿಲ್ಲ ಅಂತ ಯೋಳೋಗು’ ಅಂತು. ಅಷ್ಟೆಯ. ಕೂತ್ಕತು.”

ಆ ವರ್ಷ ಯಾರ ಗದ್ದೆಯಲ್ಲೂ ಕೂಲಿ ಸಿಗಲಿಲ್ಲ. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಇಡೀ ಬೀದಿಯೇ ಅಂಕಯ್ಯನವರ ಜೊತೆ ನಿಂತಿತು. ತಮಟೆಗಳೆಲ್ಲ ಗೋಡೆಗೆ ಏರಿದವು.

ಅತ್ತೆಗೆ ಆಗ ಹನ್ನೆರಡು ವರ್ಷ. ಅಪ್ಪ ಬಾಗಿಲು ಹಾಕಿಕೊಂಡು ಬರೀ ಬೆರಳಲ್ಲಿ ಮೆಲ್ಲಗೆ ಬಡಿಯುವುದನ್ನು ನೋಡಿ ಕಲಿತರು. ಹೆಣ್ಣುಮಕ್ಕಳು ತಮಟೆ ಮುಟ್ಟಬಾರದು ಅಂತ ಅಜ್ಜಿಯೊಬ್ಬರು ಕೂಗಾಡಿದರಂತೆ. “ಗಂಡ್ಸೇ ಮುಟ್ಟಾಕಿಲ್ಲ ಅಂದ್ಮ್ಯಾಲೆ ಎಂಗ್ಸು ಮುಟ್ಟುದ್ರೆ ನಿಂಗೇನು ಅಂದೆ,” ಅಂದರು ಅತ್ತೆ. ಹನ್ನೆರಡು ವರ್ಷದ ಲಾಜಿಕ್! ಐ ಲವ್ ಹರ್.

ನಮ್ಮ ಮನೆಯಲ್ಲಿ ಇಂಥ ಮಾತು ಯಾರೂ ಆಡುತ್ತಿರಲಿಲ್ಲ. ಅಪ್ಪ ಬ್ಯಾಂಕ್ ಆಫೀಸರ್. ಕ್ವಾರ್ಟರ್ಸ್‌ನಲ್ಲಿ ಯಾರಾದರೂ “ಯಾವೂರು ಸಾರ್ ನಿಮ್ಮದು” ಅಂದರೆ “ಮೈಸೂರೇ” ಅಂದು ಪೇಪರ್ ಬಿಡಿಸುತ್ತಿದ್ದರು. ನನಗೂ ಅಷ್ಟೇ ಗೊತ್ತಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ಕಿಟಕಿಯ ಹೊರಗೇ ನೋಡಿಕೊಂಡು ಬಂದೆ.

ಡಿಸೆಂಬರ್ 7, ಭಾನುವಾರ

ಇವತ್ತು ಕಾಲು ನೀಡಿ ಕೂತು ಅವರೆಕಾಯಿ ಬಿಡಿಸುತ್ತ ಪೂರ್ತಿ ಕತೆ ಹೇಳಿದರು. ಬರೆದಿಡಬೇಕು, ಒಂದು ಮಾತೂ ಬಿಡಬಾರದು.

1986, ಜನವರಿ. ಅತ್ತೆ ಮಂಡ್ಯದಲ್ಲಿ ನರ್ಸ್ ಟ್ರೇನಿಂಗ್. ವನಜಾ ಡಿಗ್ರಿ. ಇಬ್ಬರೂ ಹಾಸ್ಟೆಲ್‌ನಲ್ಲಿ ಒಂದೇ ರೂಮು. ಅತ್ತೆ ಬಟ್ಟೆ ಒಗೆಯುವ ಬಕೆಟ್ ಬಡಿಯುತ್ತಿದ್ದರು, ವನಜಾ ಅದರ ಮೇಲೆ ಹಾಡುತ್ತಿದ್ದರು. ವನಜಾ ಕ್ಲಾಸ್‌ಮೇಟ್ ಜಯಪ್ರಕಾಶ್, ಮದ್ದೂರು ಕಡೆಯ ಗೌಡರ ಮನೆಯ ಹುಡುಗ. ಬೆಂಗಳೂರಿನಲ್ಲಿ ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಂಡು ತಂದು ಯಾರಿಗೆ ತೋರಿಸುವುದೋ ತಿಳಿಯದೆ ಒದ್ದಾಡುತ್ತಿದ್ದ. ಅಂಕಯ್ಯನವರ ಮಾತನ್ನು ಅತ್ತೆ ಪಲ್ಲವಿ ಮಾಡಿದರು, ವನಜಾ ರಾಗ ಹಾಕಿದರು.

ಕರೆದ್ರೆ ಬರಾಕಿಲ್ಲ ಕಣ್ಲಾ
ತಡೆದ್ರೆ ನಿಲ್ಲಾಕಿಲ್ಲ
ಬಂದ್ರೆ ನಾನಾಗೇ ಬತ್ತೀನಿ
ಬಡುದ್ರೆ ನನಗೇ ಬಡೀತೀನಿ

ರೆಕಾರ್ಡಿಂಗ್ ಎಲ್ಲಿ? ಸ್ಟುಡಿಯೋಗೆ ದುಡ್ಡಿಲ್ಲ. ಕೊಕ್ಕರೆ ಬೆಳ್ಳೂರಿನ ದಾರಿಯಲ್ಲಿ ಜಯಪ್ರಕಾಶ್ ಅಪ್ಪನ ಆಲೆಮನೆ! ಕಬ್ಬು ಅರೆಯುವ ಗಾಣ, ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲ, ಅದರ ಹೊಗೆಯ ನಡುವೆ ಒಂದು ಟೇಪ್ ರೆಕಾರ್ಡರ್. ಗಾಣದ ಇಂಜಿನ್ನಿನ ಡುಗುಡುಗು ಇದೆಯಲ್ಲ, ಅದೇ ಹಾಡಿನ ಸ್ಪೀಡು. ಯಾರೂ ಎಣಿಸಿ ಶುರುಮಾಡಲಿಲ್ಲ. ಇಂಜಿನ್ ಕೇಳಿಕೊಂಡು ಬಡಿದರು.

ಆ ಚಟಪಟ? ಇಂಟರ್‌ನೆಟ್‌ನಲ್ಲಿ ಜನ ಹೊಡೆದಾಡುತ್ತಾರೆ. ಟೇಪ್ ಹಳೆಯದಾಗಿದೆ ಅಂತ ಒಬ್ಬ, ಮಳೆ ಅಂತ ಇನ್ನೊಬ್ಬ. ಅದು ಬೆಂಕಿ! ಕಬ್ಬಿನ ಒಣ ಸೋಗೆಯ ಬೆಂಕಿ. ತಮಟೆಯ ಚರ್ಮ ಬೆಂಕಿಗೆ ಹಿಡಿದು ಬಿಗಿಯಾಗುವವರೆಗೆ ಕಾಯಿಸಬೇಕು, ಇಲ್ಲದಿದ್ದರೆ ಡಬ್ ಡಬ್ ಅಂತ ಸತ್ತ ಸದ್ದು. ಮಗಳನ್ನು ಒಬ್ಬಳೇ ಹೇಗೆ ಕಳಿಸುವುದು ಅಂತ ಅಂಕಯ್ಯನವರೂ ಬಂದಿದ್ದರು. ಬೆಂಕಿಯ ಮುಂದೆ ಕೂತು ತಮಟೆ ಕಾಯಿಸಿದವರು ಅವರೇ. ಯಾರ ಕರೆಗೂ ಮುಟ್ಟುವುದಿಲ್ಲ ಅಂತ ನೇತುಹಾಕಿದ್ದನ್ನು ಮಗಳಿಗಾಗಿ ಇಳಿಸಿದ್ದರು. ಜಯಪ್ರಕಾಶ್‌ಗೆ ಅವಸರ, ಟೇಪ್ ಒತ್ತಿಯೇಬಿಟ್ಟ. ಅತ್ತೆ ಗದರಿಸಿದರು. ಅದೂ ರೆಕಾರ್ಡ್ ಆಯಿತು.

ಇನ್ನು ಗಿಟಾರಿನ ಗರಗರ! ಅದಕ್ಕಾಗಿ ದೊಡ್ಡ ದೊಡ್ಡ ಗಿಟಾರಿಸ್ಟ್‌ಗಳು ಏನೇನೋ ಪೆಡಲ್ ತುಳಿದಿದ್ದಾರೆ. ನಡೆದದ್ದು ಇಷ್ಟು: ಮೈಕ್‌ಸೆಟ್ ಅಂಗಡಿಯಿಂದ ತಂದ ಸ್ಪೀಕರ್ ಎತ್ತಿನಗಾಡಿಯಿಂದ ಬಿದ್ದು ಒಳಗಿನ ಕಾಗದ ಹರಿಯಿತು. ಗೋಂದು ಇಲ್ಲ. ವನಜಾ ಪೇಪರ್ ತುಂಡಿಗೆ ಬಿಸಿ ಬೆಲ್ಲದ ಪಾಕ ಸವರಿ ಅಂಟಿಸಿಬಿಟ್ಟರು! ಬೆಲ್ಲ ಗಟ್ಟಿಯಾಯಿತು, ಗಿಟಾರ್ ಗರಗರ ಅಂದಿತು. ಎಲ್ಲರೂ ಕುಣಿದಾಡಿದರು. ಮಾರನೆಯ ದಿನ ಇನ್ನೊಂದು ಹಾಡು ಮಾಡೋಣ ಅಂತ ಹೋಗಿ ನೋಡಿದರೆ ಸ್ಪೀಕರ್ ತುಂಬ ಇರುವೆ. ಪಾಕದ ಜೊತೆಗೆ ಕಾಗದವನ್ನೂ ತಿಂದು ಮುಗಿಸಿದ್ದವು.

“ಬ್ಯಾಂಡು ಅಲ್ಲೀಗೇ ಮುಗೀತು,” ಅಂದರು ಅತ್ತೆ. “ಇರ್ವೆ ತಿಂದ್ಬುಟ್ವು.”

ಹೊಟ್ಟೆ ಹಿಡಿದು ನಕ್ಕೆವು. ಅವರೆಕಾಯಿಯ ಅರ್ಧ ಸಿಪ್ಪೆ ಕಾಳಿನ ಪಾತ್ರೆಗೆ ಹೋಯಿತು.

ಡಿಸೆಂಬರ್ 15, ಸೋಮವಾರ

ಎಂಥ ಕೆಲಸ ಮಾಡಿದೆ ನಾನು.

ಖುಷಿ ತಡೆಯಲಾರದೆ ಕಳೆದ ವಾರವೇ ಒಂದು ಮೆಸೇಜ್ ಹಾಕಿದ್ದೆ. ಮಂಡ್ಯದಲ್ಲಿ ಜನವರಿ ಹತ್ತರ ಶನಿವಾರ ಹಾಡಿಗೆ ನಲವತ್ತು ವರ್ಷ ತುಂಬಿದ ದೊಡ್ಡ ಕಾರ್ಯಕ್ರಮ. ಬೆಂಗಳೂರಿನ ಈವೆಂಟ್‌ನವರು ಮಾಡುತ್ತಿದ್ದಾರೆ. ವನಜಾ ಹಾಡುತ್ತಾರೆ, ಜಯಪ್ರಕಾಶ್ ನುಡಿಸುತ್ತಾರೆ ಅಂತ ಪೋಸ್ಟರ್ ನೋಡಿದೆ. ‘ತಮಟೆ ಬಡಿದವರು ನನ್ನ ಅತ್ತೆ!’ ಅಂತ ಬರೆದು ಹಾರ್ಟ್ ಎಮೋಜಿ ಹಾಕಿ ಕಳಿಸಿದೆ. ಅತ್ತೆಯನ್ನು ಒಂದು ಮಾತು ಕೇಳಲಿಲ್ಲ. ಸರ್‌ಪ್ರೈಸ್ ಕೊಡುತ್ತೇನೆ ಅಂದುಕೊಂಡೆ.

ಇವತ್ತು ಅವರ ಕಡೆಯ ಸ್ವರೂಪ್ ಅನ್ನುವವರ ಫೋನ್. ತುಂಬ ಪೋಲೈಟ್. “ವಾವ್ ಮ್ಯಾಮ್, ಗ್ರೇಟ್ ಸ್ಟೋರಿ! ನಮಗೆ ಗೇಟ್ ಹತ್ತಿರ ಹತ್ತು ಜನ ತಮಟೆಯವರು ಬೇಕಿತ್ತು, ಗೆಸ್ಟ್‌ಗಳನ್ನ ವೆಲ್‌ಕಮ್ ಮಾಡೋಕೆ. ಆಂಟೀನೂ ಬರಲಿ, ಅವರ ಟೀಮ್ ಕರ್ಕೊಂಡು ಬರಲಿ. ಕಾಸ್ಟ್ಯೂಮ್ ನಾವೇ ಕೊಡ್ತೀವಿ. ತಲೆಗೆ ರುಮಾಲು, ಎಲ್ಲಾ.”

ಮತ್ತೆ ಸ್ಟೇಜ್ ಮೇಲೆ?

“ಸ್ಟೇಜ್‌ಗೆ ಡ್ರಮ್ಮರ್ ಇದ್ದಾರೆ ಮ್ಯಾಮ್. ತಮಟೆ ಸೌಂಡ್ ಪ್ಯಾಡ್‌ನಲ್ಲಿ ಬರುತ್ತೆ. ಆ ಇಂಟ್ರೋ ನಾಯ್ಸ್ ಕೂಡ ಕ್ಲೀನ್ ಮಾಡಿದೀವಿ.”

ಸ್ಪೀಕರ್ ಆನ್ ಇತ್ತು. ತಿರುಗಿ ನೋಡಿದೆ. ಬಾಗಿಲಲ್ಲಿ ಅತ್ತೆ.

ಡಿಸೆಂಬರ್ 16, ಮಂಗಳವಾರ

ಬೆಳಿಗ್ಗೆಯಿಂದ ಪಾತ್ರೆಗಳ ಸದ್ದು ಮಾತ್ರ. ಮಾವ ಮೂರು ಸಲ “ರೈಟ್” ಅಂದರು, ಯಾರೂ ಓಗೊಡಲಿಲ್ಲ.

ಸಂಜೆ ಕಾಲು ಹಿಡಿಯಲು ಹೋದೆ. ಕಾಲು ಎಳೆದುಕೊಂಡರು.

“ಕಾಲ್ಗೀಲು ಮುಟ್ಬ್ಯಾಡ. ನಮ್ ಮನೇಲಿ ಅದೆಲ್ಲಾ ಇಲ್ಲ.” ಕಾಲು ಮಡಚಿ ಕೂತು, “ಯಾರೋ ದೊಡ್ಡೋರು ಬತ್ತಾರೆ, ಗೇಟತ್ರ ನಿಂತ್ಕಂಡು ಬಡಿ ಅಂತ ಕರೀತಾವ್ರೆ. ನಮ್ಮಪ್ಪಂಗೆ ಬಂದ ಆಳೂ ಇದ್ನೇ ಯೋಳಿದ್ದು ಕಣಮ್ಮ. ಇವ್ನು ವಸಿ ಇಂಗ್ಲಿಸಲ್ಲಿ ಯೋಳ್ದ. ಅಷ್ಟೆಯ.”

ಅತ್ತುಬಿಟ್ಟೆ.

“ಅಳ್ಬ್ಯಾಡ. ನಂಗೆಸ್ರು ಬರ್ಲಿ ಅಂತ ಮಾಡ್ದೆ ನೀನು. ನಂಗೆ ಗ್ಯಾನ ಬಂತು. ಇಷ್ಟ್ ವರ್ಸ ಸುಮ್ಕಿದ್ದೆ, ಇನ್ ಇರಾಕಿಲ್ಲ. ನನ್ ತಮಟೆ ನನ್ನೆಸ್ರಲ್ಲೇ ಕೇಳ್ಬೇಕು. ಇಲ್ದಿದ್ರೆ ಕೇಳ್ದೇ ಬ್ಯಾಡ.”

ಬಲಗೈ ಎತ್ತಲು ನೋಡಿದರು. ಕಿವಿಯವರೆಗೂ ಬರಲಿಲ್ಲ. ಫ್ರೋಜನ್ ಶೋಲ್ಡರ್. ಅಯ್ಯೋ, ಅದು ನನ್ನ ಸಬ್ಜೆಕ್ಟ್! ಕಣ್ಣೊರೆಸಿಕೊಂಡು ಟವೆಲ್ ತಂದೆ. ಗೋಡೆಗೆ ಬೆರಳು ಹತ್ತಿಸುವ ಎಕ್ಸರ್‌ಸೈಜ್ ಇವತ್ತಿನಿಂದಲೇ ಶುರು. ನೋವಿಗೆ ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ.

ಡಿಸೆಂಬರ್ 21, ಭಾನುವಾರ. ಮಧ್ಯಾಹ್ನ

ಜಯಪ್ರಕಾಶ್ ಬಂದಿದ್ದರು! ನನ್ನ ಹಾಸ್ಟೆಲ್ ಗೋಡೆಯ ಪೋಸ್ಟರ್‌ನಲ್ಲಿದ್ದ ಮನುಷ್ಯ ನಮ್ಮ ಹಾಲ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ! ಕೂದಲು ಪೂರ್ತಿ ಬೆಳ್ಳಗೆ, ಕೈಯಲ್ಲಿ ಮದ್ದೂರು ವಡೆಯ ಪೊಟ್ಟಣ. ರವಿ ಫೋನ್ ಮಾಡಿ ಎಲ್ಲ ಹೇಳಿದ್ದ. (ಪ್ರೂಫ್ ಸಿಕ್ಕಿದ ಮೇಲೆ ನನ್ನ ಗಂಡ ಹುಲಿ.)

“ಚೆನ್ನಾಗಿದ್ದೀಯೇನೆ ಅರುಂಧತಿ?”

“ಇವ್ನಿ. ನಿಮ್ಮವ್ವ ನಮ್ಮಪ್ಪಂಗೆ ತೆಂಗಿನ ಚಿಪ್ಪಲ್ಲಿ ಕಬ್ಬಿನಾಲು ಕೊಟ್ಟಿದ್ಲಲ್ಲ, ಗ್ಯಾನ ಐತಾ?”

ಗಂಡಾಂತರ! ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತೆ.

“ಐತೆ ಕಣೆ,” ಅಂದರು ಜಯಪ್ರಕಾಶ್. “ನಂಗೂ ಚಿಪ್ಪಲ್ಲೇ ಕೊಡು ಅಂತ ಈಸ್ಕೊಂಡು ಕುಡ್ದೆ ನಾನೂ. ಅವ್ವ ವಾರ ಮಾತಾಡ್ಸಲಿಲ್ಲ.”

“ಕುಡ್ದೆ. ಅದ್ಕೇ ನಿನ್ನ ಒಳೀಕೆ ಬುಟ್ಟಿರದು. ಕಾಫಿ ಕುಡಿ. ಕವರ್ ಮ್ಯಾಲೆ ಎಸ್ರು ಬರೆಸ್ವಾಗ ಎಲ್ಲೋಗಿತ್ಲಾ ಬಾಯಿ?”

ಅವರು ಲೋಟ ಕೆಳಗಿಟ್ಟು ಹೇಳಿದರು. ತಮಟೆ ಯಾರದು ಅಂತ ಕ್ಯಾಸೆಟ್ ಕಂಪನಿಯವರು ಕೇಳಿದರಂತೆ. ತಮ್ಮ ಅಪ್ಪ ಎದುರಿಗೇ ಇದ್ದರಂತೆ. ಬಾಯಿ ಬರಲಿಲ್ಲವಂತೆ.

“ಈಗ ಬತ್ತದಾ?”

“ಬತ್ತದೆ.”

ಅಲ್ಲೇ ಸ್ವರೂಪ್‌ಗೆ ಫೋನ್ ಮಾಡಿದರು. ಪೋಸ್ಟರ್‌ನಲ್ಲಿ ‘ತಮಟೆ: ಅರುಂಧತಿ’ ಅಂತ ಹಾಕಿ. ಸ್ಟೇಜ್ ಮೇಲೆ ನಮ್ಮ ಜೊತೆ ಕೂರಿಸಿ. ಪಕ್ಕದಲ್ಲಿ ಬೆಂಕಿಗೆ ಜಾಗ ಮಾಡಿಕೊಡಿ, ತಮಟೆ ಕಾಯಿಸಬೇಕು.

“ಸರ್, ಫೈರ್ ಎಲ್ಲಾ ಸ್ಟೇಜ್ ಹತ್ರ ಸಾಧ್ಯನೇ ಇಲ್ಲ. ಟ್ರ್ಯಾಕ್ ಎಲ್ಲಾ ಲಾಕ್ ಆಗಿದೆ. ಒಂದು ಕೆಲಸ ಮಾಡೋಣ, ಆಂಟೀನ ವಿಐಪಿ ಸೀಟಲ್ಲಿ ಕೂರಿಸ್ತೀವಿ. ಲಾಸ್ಟಲ್ಲಿ ಕರೆದು ಶಾಲು ಹೊದಿಸ್ತೀವಿ.”

ಅತ್ತೆ ಫೋನ್ ಕಡೆ ಬಾಗಿದರು. “ನಂಗೆ ಚಳಿ ಆಯ್ತಿಲ್ಲ ಕಣಪ್ಪ.”

ಕಟ್!!

ಮಾವ ಎದ್ದು ನಿಂತು “ರೈಟ್! ರೈಟ್!” ಅಂದರು. ನಾನು ಕುಣಿದೆ. ವಡೆಯ ಪೊಟ್ಟಣ ಈಗ ಬಿಚ್ಚಿದೆವು.

ಅದೇ ದಿನ, ಸಂಜೆ

ತೀರ್ಮಾನ ಆಗಿಹೋಯಿತು. ಜನವರಿ ಹತ್ತು, ಅದೇ ಶನಿವಾರ. ಅವರು ಮಂಡ್ಯದಲ್ಲಿ ಮಾಡಿಕೊಳ್ಳಲಿ. ನಾವು ಆಲೆಮನೆಯಲ್ಲಿ. ಗಾಣ ಇನ್ನೂ ಇದೆ, ಸೀಸನ್ ನಡೆಯುತ್ತಿದೆ, ಇಂಜಿನ್ನೂ ಹಳೆಯದೇ. ಜಯಪ್ರಕಾಶ್ ಅಲ್ಲಿಯ ಸ್ಟೇಜ್ ಬಿಟ್ಟು ನಮ್ಮ ಜೊತೆ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ ಲೈವ್ ಹಾಕುತ್ತೇನೆ. ಹೆಸರುಗಳ ಜೊತೆ. ದಪ್ಪ ಅಕ್ಷರದಲ್ಲಿ.

ಒಂದೇ ತೊಂದರೆ. ವನಜಾ. ಅವರಿಲ್ಲದೆ ಹಾಡೇ ಇಲ್ಲ. ಮದುವೆಯಾಗಿ ಹೋದವರು ವಿಜಯಪುರದಲ್ಲೇ ನೆಲೆಸಿದ್ದಾರೆ, ಅಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರಂತೆ. ಮಂಡ್ಯದ ಕಾರ್ಯಕ್ರಮಕ್ಕೆ ಒಪ್ಪಿ ಸಹಿಯೂ ಹಾಕಿದ್ದಾರೆ.

ಫೋನ್ ಮಾಡಿ ಬನ್ನಿ ಅಂತ ಕರೆಯಿರಿ ಅತ್ತೆ, ಅಂದೆ.

“ನಾನು ಕರ್ಯಾಕಿಲ್ಲ.”

“ಅತ್ತೆ!”

“ಯಾರ್ನೂ ಕರ್ಯಾಕಿಲ್ಲ. ಕರ್ಸ್ಕಂಡು ಗೊತ್ತಿರೋಳು ಕಣಮ್ಮ ನಾನು.”

ಡಿಸೆಂಬರ್ 28, ಭಾನುವಾರ

ಮೂರು ದಿನ ಗೋಗರೆದ ಮೇಲೆ ಫೋನ್ ಮುಟ್ಟಿದರು. ನಾನು ಪಕ್ಕದಲ್ಲೇ ಕೂತೆ. ಇಬ್ಬರೂ ಮಾತಾಡಿ ಎಷ್ಟೋ ವರ್ಷವಾಗಿತ್ತಂತೆ. ಜಗಳವಿಲ್ಲ, ಏನಿಲ್ಲ. ಒಬ್ಬೊಬ್ಬರ ಸಂಸಾರ ಒಂದೊಂದು ಕಡೆ, ಅಷ್ಟೇ.

“ವನ್ಜೀ? ಅರುಂಧತಿ ಕಣೆ. ಶನಿವಾರ ಹತ್ತನೇ ತಾರೀಕು ಜೇಪಿ ಆಲೆಮನೇಲಿ ತಮಟೆ ಕಾಯಿಸ್ತೀವಿ. ಸಂಜೆ. ಹೇಳ್ದೆ ಅಷ್ಟೆ.”

ಅತ್ತ ಕಡೆ ಮಕ್ಕಳ ಸರಿಗಮ ನಿಂತಿತು. ಆಮೇಲೆ ಆ ಕಂಠ!! ವಯಸ್ಸಾಗಿದೆ, ಆದರೂ ಅದೇ! “ನಾ ಅವ್ರಿಗೆ ಮಾತು ಕೊಟ್ಟೀನಿ ಅರುಂಧತಿ. ಸೈನ್ ಮಾಡೀನಿ.”

“ನಾನೇನಾದ್ರೂ ಕೇಳುದ್ನಾ? ಹೇಳ್ದೆ ಅಷ್ಟೆ. ಉಂಡಾ?”

ಊಟದ ಮಾತು, ಮೊಮ್ಮಕ್ಕಳ ಮಾತು, ಜೋಳದ ರೊಟ್ಟಿಯ ಮಾತು. ಬಾ ಅನ್ನುವ ಒಂದೇ ಅಕ್ಷರ ಬಾಯಲ್ಲಿ ಬರಲಿಲ್ಲ. ನಾನು ಕೈಸನ್ನೆ ಮಾಡಿ ಮಾಡಿ ಸೋತೆ. ಫೋನ್ ಕಿತ್ತುಕೊಂಡು ‘ಪ್ಲೀಸ್ ಬನ್ನಿ ಆಂಟಿ’ ಅಂದುಬಿಡಬೇಕು ಅನ್ನಿಸಿತು. ಅನ್ನಲಿಲ್ಲ. ಇನ್ನೊಮ್ಮೆ ಆ ತಪ್ಪು ಮಾಡುವುದಿಲ್ಲ.

ಇಟ್ಟ ಮೇಲೆ ಅತ್ತೆ ಸೆರಗಿನಲ್ಲಿ ಫೋನಿನ ಗಾಜು ಒರೆಸುತ್ತ ಕೂತರು. ಒರೆಸುವಂಥದ್ದು ಏನೂ ಇರಲಿಲ್ಲ.

ಜನವರಿ 4, ಭಾನುವಾರ. ಆಲೆಮನೆ

ಮೈತುಂಬ ಹೊಗೆ, ಕೂದಲಲ್ಲಿ ಬೂದಿ, ಕೈ ಅಂಟಂಟು, ಖುಷಿಯೋ ಖುಷಿ!

ಮರಿಯಯ್ಯನವರು ತಮಟೆಗೆ ಹೊಸ ಚರ್ಮ ಬಿಗಿದು ತಂದಿದ್ದರು. ಬಳೆ ಮಾತ್ರ ಅಂಕಯ್ಯನವರದೇ. ಕಾಯಿಸುವ ಕೆಲಸ ನನಗೆ ಅಂದರು ಅತ್ತೆ. ನನಗೆ! ಸೋಗೆ ಹೊತ್ತಿಸಿ ದೊಡ್ಡ ಹೀರೋಯಿನ್ ಹಾಗೆ ಉರಿಯ ಮೇಲೇ ಹಿಡಿದೆ.

“ಲೇ ಲೇ ಲೇ! ರೊಟ್ಟಿ ಸುಡ್ತಿದ್ದೀಯಾ? ಉರೀಗಲ್ಲ, ಕಾವಿಗೆ ಇಡಿ. ಸುತ್ತ ತಿರುಗ್ಸು.”

ತಿರುಗಿಸಿದೆ. ಗೆಣ್ಣಿನಿಂದ ಕುಟ್ಟಿದೆ. ಡಬ್. ಇನ್ನೂ ತಿರುಗಿಸಿದೆ. ಡಬ್. ಇನ್ನೂ… ಟಣ್! ಅಂದಿತು. ನಲವತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಇದೇ ಬಳೆ ಹಿಡಿದು ಅಂಕಯ್ಯನವರು ಕೂತಿದ್ದರು. ನನ್ನ ಅಪ್ಪನಿಗೂ ಈ ಸದ್ದು ಕೇಳಿಸಬೇಕು. ಅಲ್ಲಿಂದಲೇ ಫೋನ್ ಮಾಡಿದೆ. ‘ಅಪ್ಪಾ, ಶನಿವಾರ ತಮಟೆ ಕಾಯಿಸುತ್ತಿದ್ದೇನೆ, ಎಲ್ಲರ ಎದುರಿಗೆ. ಹೇಳಿದೆ ಅಷ್ಟೇ.’ ಅಪ್ಪ ಪೇಪರ್ ಮಡಚಿದ ಸದ್ದು ಕೇಳಿಸಿತು. ಆಮೇಲೆ, “ಸರಿಯಾಗಿ ಕಾಯಿಸು ಮಗಳೇ, ನಿನ್ನ ತಾತ ಸೋಗೆಗೆ ಒಂದು ಹಿಡಿ ಭತ್ತದ ಹುಲ್ಲೂ ಸೇರಿಸೋರು,” ಅಂದರು. ನನ್ನ ಅಪ್ಪ! ಪೇಪರ್ ಬಿಡಿಸುವ ಅಪ್ಪ!

ಜಯಪ್ರಕಾಶ್ ಹರಿದ ಸ್ಪೀಕರ್‌ಗೆ ಬೆಲ್ಲದ ಪಾಕ ಸವರುತ್ತಿದ್ದಾರೆ. ಈ ಸಲ ನಾಲ್ಕು ಕಾಲಿನ ಸ್ಟೂಲ್ ಮೇಲೆ ಇಟ್ಟು ಪ್ರತಿ ಕಾಲಿನ ಕೆಳಗೂ ನೀರಿನ ತಟ್ಟೆ. ಇರುವೆಗಳ ಮೇಲಿನ ಸೇಡು. ಅವರ ಹೆಂಡತಿ ದೀಪಿಕ ಎಲ್ಲರಿಗೂ ಕಬ್ಬಿನ ಹಾಲು ತಂದರು, ಸ್ಟೀಲ್ ಲೋಟಗಳಲ್ಲಿ. ಎಲ್ಲಾ ಒಂದೇ ಥರದ ಲೋಟ. ಅತ್ತೆ ಲೋಟ ಎತ್ತಿ ತಳ ನೋಡಿ ಕುಡಿದರು.

ಅತ್ತೆಯ ಕೈ ಕಿವಿ ದಾಟಿ ಏಳುತ್ತದೆ ಈಗ. ಇಂಜಿನ್ ಡುಗುಡುಗು ಶುರುವಾಯಿತು. ಬಡಿದರು. ದೇವರೇ… ಗದ್ದೆ ಬದುವಿನ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಹಾರಿದವು.

ಆದರೆ ಪಲ್ಲವಿ ಬರುವ ಜಾಗದಲ್ಲಿ ಯಾರೂ ಇಲ್ಲ. ಖಾಲಿ. ನಾನು ಹಾಡಲು ನೋಡಿದೆ. “ಬುಡವ್ವ, ಇಂಗ್ಲಿಸ್ ಮೀಡಿಯಂ ಗಂಟ್ಲು,” ಅಂದರು ಮರಿಯಯ್ಯನವರು. ಎಲ್ಲರೂ ನಕ್ಕರು. ಅತ್ತೆ ಆ ಜಾಗ ಬಂದಾಗಲೆಲ್ಲ ಗೇಟಿನ ಕಡೆ ನೋಡುತ್ತಾರೆ. ನೋಡಿದೆ ಅಂತ ಹೇಳಿದರೆ ಒಪ್ಪುವುದಿಲ್ಲ.

“ಬರ್ದಿದ್ರೆ?” ಅಂತ ಕೇಳಿದರು ಜಯಪ್ರಕಾಶ್.

“ಬರ್ದಿದ್ರೆ ಅವ್ಳ ಜಾಗ ಖಾಲಿ ಬುಟ್ಟು ಬಡೀತೀನಿ. ಖಾಲೀನೂ ಕೇಳ್ಲಿ ಜನ.”

ಜನವರಿ 7, ಬುಧವಾರ. ಬೆಳಿಗ್ಗೆ

ಪೋಸ್ಟರ್ ಬದಲಾಗಿದೆ. ಜಯಪ್ರಕಾಶ್ ಫೋಟೊ ತೆಗೆದಿದ್ದಾರೆ. ವನಜಾ ಫೋಟೊ ದೊಡ್ಡದಾಗಿದೆ. ಕೆಳಗೆ ‘ಜಾನಪದ ಸೊಗಡಿನ ರಾಕ್’. ಅತ್ತೆಗೆ ತೋರಿಸಲಿಲ್ಲ. ಅವರೇ ನೋಡಿದ್ದಾರೆ. ಗೋಡೆ ಹತ್ತುವ ಎಕ್ಸರ್‌ಸೈಜ್ ಇವತ್ತು ಎರಡರಷ್ಟು ಮಾಡಿದರು, ಹಲ್ಲು ಕಚ್ಚಿಕೊಂಡು.

ಅದೇ ದಿನ, ಮಧ್ಯಾಹ್ನ ಮೂರು

ವನಜಾ ಫೋನ್!! ಅತ್ತೆ ಹುಣಸೆಹಣ್ಣು ಹಿಸುಕುತ್ತಿದ್ದರು, ನಾನೇ ಎತ್ತಿ ಸ್ಪೀಕರ್ ಹಾಕಿದೆ.

ಈವೆಂಟ್‌ನವರು ಪ್ರಾಕ್ಟೀಸ್ ಮಾಡಲು ಟ್ರ್ಯಾಕ್ ಕಳಿಸಿದ್ದರಂತೆ. ಕ್ಲೀನ್ ಮಾಡಿದ್ದು. ಚಟಪಟ ಇಲ್ಲ, ಬೈಗುಳ ಇಲ್ಲ. ಟಿಕ್ ಟಿಕ್ ಟಿಕ್ ಟಿಕ್, ಶುರು.

“ಹತ್ತು ಸಲ ಹಾಡ್ದೆ ಅರುಂಧತಿ. ಹತ್ತೂ ಸಲ ತಪ್ಪು ಜಾಗದಾಗ ಎತ್ಕೊಂಡೆ. ನೀ ಬೈದ ಮ್ಯಾಲೇ ನನಗ ಉಸಿರು ಬರೂದು. ಅಂಕಯ್ಯನೋರು ಬೆಂಕಿ ಮುಂದ ಕೂತು ತಲಿ ಆಡಿಸ್ತಿದ್ರಲ್ಲ, ಅದನ್ನ ನೋಡ್ಕೊಂಡು ನಾ ಶುರು ಮಾಡಿದ್ದು. ಇವ್ರಿಗೆ ಹೇಳ್ದೆ. ತಮಟಿಯಾಕಿ ಇಲ್ದೆ ನಾ ಹಾಡಂಗಿಲ್ಲ, ಏನ್ ಮಾಡ್ಕೋತೀರಿ ಮಾಡ್ಕೋರಿ ಅಂದೆ. ರೊಕ್ಕ ವಾಪಸ್ ಕಳಿಸ್ದೆ.”

ಅತ್ತೆಯ ಮೊಣಕೈವರೆಗೂ ಹುಣಸೆ ರಸ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

“ನಾನು ಕರೀಲಿಲ್ಲ ಕಣೆ ವನ್ಜಿ,” ಅಂದರು.

“ನೀ ಎಲ್ಲಿ ಕರೀತೀಯೇ, ಅಂಕಯ್ಯನ ಮಗಳು.” ಥಟ್ಟನೆ ಮಂಡ್ಯದ ಮಾತು ಬಂತು ಬಾಯಲ್ಲಿ, ಹಾಸ್ಟೆಲ್ ಹುಡುಗಿಯ ಹಾಗೆ. “ನಾನಾಗೇ ಬತ್ತೀನಿ ಕಣೆ. ಹೇಳ್ದೆ ಅಷ್ಟೆ. ಬೆಂಕಿ ಮುಂದೆ ಯಾರು ಕೂತ್ಕತಾರೆ?”

ಅತ್ತೆ ನನ್ನ ಕಡೆ ನೋಡಿದರು. “ನಮ್ ಸೊಸೆ.”

ನಮ್ ಸೊಸೆ!! ಹಾಗೇ ಅಂದರು. ಮೂರು ಸಲ ಬರೆಯಬೇಕು ಅನ್ನಿಸುತ್ತಿದೆ, ಟೈಮಿಲ್ಲ. ರವಿಗೆ ಹೇಳಬೇಕು, ಜಯಪ್ರಕಾಶ್‌ಗೆ ಹೇಳಬೇಕು, ಸೋಗೆ ಒಣಗಿದೆಯೋ ನೋಡಬೇಕು, ಭತ್ತದ ಹುಲ್ಲು ತರಿಸಬೇಕು. ಮಾವ ಆಗಲೇ ಶರ್ಟ್ ಹಾಕಿಕೊಂಡು ಬಾಗಿಲಲ್ಲಿ ನಿಂತು, ಯಾವ ಗಾಡಿ, ಎಷ್ಟೊತ್ತಿಗೆ, ಯಾವ ಸ್ಟೇಷನ್, ಬರ್ಕೊಮ್ಮ, ಬರ್ಕೊಮ್ಮ ಅಂತ ಜೀವ ತಿನ್ನುತ್ತಿದ್ದಾರೆ. ಬರೆದುಕೊಂಡೆ ಮಾವ, ಇಲ್ಲೇ ಬರೆದೆ: ಶುಕ್ರವಾರ ಬೆಳಿಗ್ಗೆ, ಗೋಲ್‌ಗುಂಬಜ್ ಎಕ್ಸ್‌ಪ್ರೆಸ್, ಮಂಡ್ಯ ಸ್ಟೇ—